ಜೀನ್ ತೆಗೆದರೂ ಯೀಸ್ಟ್ ಸಾಯಲಿಲ್ಲ, ಹಾಗಾದರೆ ಆ ಜೀನ್ ಯಾಕಿದೆ?

ಪ್ರಶ್ನೆ: ನಾನು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಜಿಪಿಡಿ1 ಎಂಬ ಕಿಣ್ವದ ಜೀನ್ ತೆಗೆದ ಯೀಸ್ಟ್ ತಳಿಯನ್ನು ಬೆಳೆಸಿದೆ. ಮಾಮೂಲಿ ಪ್ಲೇಟ್‌ನಲ್ಲಿ ಅದು ಮೂಲ ತಳಿಯಷ್ಟೇ ಚೆನ್ನಾಗಿ ಬೆಳೆಯಿತು. ಜಿಪಿಡಿ2 ಎಂಬ ಇನ್ನೊಂದು ಜೀನ್ ಕೂಡ ಇದೇ ಕೆಲಸ ಮಾಡುತ್ತದಂತೆ. ಹಾಗಿದ್ದರೆ ಎರಡರಲ್ಲಿ ಒಂದು ಬರೀ ಸ್ಪೇರ್ ತಾನೇ? ಇಷ್ಟು ಚಿಕ್ಕ ಜೀವಿ ಒಂದೇ ಕೆಲಸಕ್ಕೆ ಎರಡು ಜೀನ್ ಯಾಕೆ ಇಟ್ಟುಕೊಂಡಿದೆ? ನನ್ನ ಫಲಿತಾಂಶಕ್ಕೆ ಏನಾದರೂ ಬೆಲೆ ಇದೆಯೇ?

ಉತ್ತರ: ನಿಮ್ಮ ಪ್ರಯೋಗದಲ್ಲಿ ತಪ್ಪಿಲ್ಲ. ಫಲಿತಾಂಶಕ್ಕೆ ಬೆಲೆಯೂ ಇದೆ. ಆದರೆ ಅದರಿಂದ ನೀವು ತೆಗೆದ ತೀರ್ಮಾನ ಸ್ವಲ್ಪ ಅವಸರದ್ದು. ನೀವು ಯೀಸ್ಟ್‌ಗೆ ಕೊಟ್ಟ ಪ್ಲೇಟ್ ಎಂಥದ್ದು ಅಂತ ನೆನಪಿಸಿಕೊಳ್ಳಿ. ಶೇಕಡಾ 2 ಗ್ಲೂಕೋಸ್, ಬೇಕಾದಷ್ಟು ಪೆಪ್ಟೋನ್, 30 ಡಿಗ್ರಿಯ ಬೆಚ್ಚಗಿನ ಇನ್‌ಕ್ಯುಬೇಟರ್, ಸುತ್ತ ಗಾಳಿ. ಯೀಸ್ಟ್ ಪಾಲಿಗೆ ಇದು ತವರುಮನೆ. ಜಿಪಿಡಿ1 ಕಷ್ಟಕಾಲದ ಜೀನ್. ಕಷ್ಟವನ್ನೇ ಕೊಡದೆ ಆ ಜೀನ್ ಬೇಕೋ ಬೇಡವೋ ಎಂದು ಕೇಳಿದರೆ ಯೀಸ್ಟ್ ಏನು ಹೇಳೀತು?

'ಸ್ಪೇರ್' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುವ ಮೊದಲು ಈ ಎರಡು ಜೀನ್‌ಗಳು ಏನು ಮಾಡುತ್ತವೆ ನೋಡೋಣ.

ಯೀಸ್ಟ್ ಗ್ಲೂಕೋಸ್ ಒಡೆಯುವಾಗ ಆರು ಕಾರ್ಬನ್‌ನ ಸಕ್ಕರೆ ಮಧ್ಯದಲ್ಲಿ ಮೂರು ಮೂರು ಕಾರ್ಬನ್‌ನ ಎರಡು ತುಂಡಾಗುತ್ತದೆ. ಅದರಲ್ಲಿ ಒಂದರ ಹೆಸರು ಡೈಹೈಡ್ರಾಕ್ಸಿ ಅಸಿಟೋನ್ ಫಾಸ್ಫೇಟ್. ಜಿಪಿಡಿ ಕಿಣ್ವ ಈ ತುಂಡನ್ನು ಹಿಡಿದು ಗ್ಲಿಸರಾಲ್-3-ಫಾಸ್ಫೇಟ್ ಮಾಡುತ್ತದೆ. ಆಮೇಲೆ ಇನ್ನೊಂದು ಕಿಣ್ವ ಅದರ ಫಾಸ್ಫೇಟನ್ನು ಕತ್ತರಿಸಿ ಹಾಕಿದರೆ ಗ್ಲಿಸರಾಲ್ ಸಿದ್ಧ. ಜಿಪಿಡಿಯ ಹೆಜ್ಜೆಯಲ್ಲಿ ಒಂದು ಎನ್‌ಎಡಿಎಚ್, ಅಂದರೆ ಎಲೆಕ್ಟ್ರಾನ್ ಹೊತ್ತ ಅಣು, ಖರ್ಚಾಗಿ ಅದರ ಖಾಲಿ ರೂಪವಾದ ಎನ್‌ಎಡಿ ವಾಪಸ್ ಸಿಗುತ್ತದೆ. ಅಂದರೆ ಕ್ರಿಯೆ ಒಂದೇ, ಲಾಭ ಎರಡು. ಗ್ಲಿಸರಾಲ್ ಸಿಗುತ್ತದೆ, ಜೊತೆಗೆ ಜಾಸ್ತಿಯಾದ ಎನ್‌ಎಡಿಎಚ್ ಖಾಲಿಯಾಗುತ್ತದೆ. ಕೆಲವು ಹೊತ್ತಿನಲ್ಲಿ ಯೀಸ್ಟ್‌ಗೆ ಮೊದಲನೆಯದು ಬೇಕು. ಕೆಲವು ಹೊತ್ತಿನಲ್ಲಿ ಎರಡನೆಯದು.

ಮೊದಲು ಉಪ್ಪಿನ ಕಷ್ಟ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಮುರುಟಿ, ತಳದಲ್ಲಿ ನೀರು ನಿಂತಿರುತ್ತದೆ ಅಲ್ವಾ? ಹೊರಗೆ ಉಪ್ಪು ಜಾಸ್ತಿ, ಹಾಗಾಗಿ ಒಳಗಿನ ನೀರು ಹೊರಗೆ ಬಂತು. ಉಪ್ಪುನೀರಿಗೆ ಬಿದ್ದ ಯೀಸ್ಟ್ ಕೋಶಕ್ಕೂ ಇದೇ ಗತಿ. ಸಕ್ಕರೆ ಜಾಸ್ತಿಯಾದರೂ ಅಷ್ಟೇ. ಹಣ್ಣಾದ ದ್ರಾಕ್ಷಿಯ ರಸದಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಸಕ್ಕರೆ ಇರುತ್ತದೆ. ನಮಗೆ ಅದು ಸಿಹಿ, ಅದರೊಳಗೆ ಬಿದ್ದ ಕೋಶಕ್ಕೆ ಮೈಯ ನೀರೆಲ್ಲ ಹೀರುವ ಜಾಗ. ಬದುಕಬೇಕಾದರೆ ಕೋಶ ತನ್ನೊಳಗೂ ಕರಗಿದ ವಸ್ತುವಿನ ಪ್ರಮಾಣವನ್ನು ಏರಿಸಿಕೊಳ್ಳಬೇಕು. ಆದರೆ ಒಳಗೆ ಉಪ್ಪನ್ನೇ ತುಂಬಿಕೊಂಡರೆ ಪ್ರೋಟೀನ್‌ಗಳು ಕೆಡುತ್ತವೆ. ಗ್ಲಿಸರಾಲ್ ಹಾಗಲ್ಲ. ಚಿಕ್ಕ ಅಣು, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಎಷ್ಟು ತುಂಬಿದರೂ ಪ್ರೋಟೀನ್‌ಗಳಿಗೆ ತೊಂದರೆ ಕೊಡುವುದಿಲ್ಲ.

ಇದಕ್ಕೆ ಯೀಸ್ಟ್ ಮಾಡಿಕೊಂಡಿರುವ ಏರ್ಪಾಟು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಉಪ್ಪು ತಾಗಿದ ಕೆಲವೇ ನಿಮಿಷಗಳಲ್ಲಿ ಹಾಗ್1 ಎಂಬ ಕಿಣ್ವ ಎಚ್ಚೆತ್ತು ಕೋಶಕೇಂದ್ರದೊಳಗೆ ಹೋಗುತ್ತದೆ. ಅಲ್ಲಿ ನೂರಾರು ಜೀನ್‌ಗಳ ಕೆಲಸವನ್ನು ಬದಲಿಸುತ್ತದೆ. ಅದು ಎಬ್ಬಿಸುವ ಮುಖ್ಯ ಜೀನ್‌ಗಳಲ್ಲಿ ಒಂದು ನಿಮ್ಮ ಜಿಪಿಡಿ1. ಅದೇ ಹೊತ್ತಿಗೆ ಕೋಶದ ಪೊರೆಯಲ್ಲಿರುವ ಎಫ್‌ಪಿಎಸ್1 ಎಂಬ ಬಾಗಿಲು ಮುಚ್ಚುತ್ತದೆ. ಮಾಡಿದ ಗ್ಲಿಸರಾಲ್ ಸೋರಿ ಹೋಗಬಾರದಲ್ಲ! ಹಾಗ್1 ಇರುವ ಈ ಸಂದೇಶದ ಸಾಲು 1993ರಲ್ಲಿ ಬೆಳಕಿಗೆ ಬಂತು. ನಮ್ಮ ಮೈಯ ಕೋಶಗಳಲ್ಲೂ ಅದರ ನೆಂಟ ಇದ್ದಾನೆ, ಹೆಸರು ಪಿ38.

ಇನ್ನು ಎರಡನೆಯ ಕಷ್ಟ, ಗಾಳಿ ಇಲ್ಲದಿರುವುದು. ಗ್ಲೂಕೋಸ್‌ನಿಂದ ಆಲ್ಕೋಹಾಲ್ ಆಗುವ ದಾರಿಯಲ್ಲಿ ಎನ್‌ಎಡಿಎಚ್ ಲೆಕ್ಕ ಸರಿಯಾಗಿ ಚುಕ್ತಾ ಆಗುತ್ತದೆ. ಎಷ್ಟು ಹುಟ್ಟಿತೋ ಅಷ್ಟೂ ಖರ್ಚು. ಆದರೆ ಕೋಶ ಬರೀ ಆಲ್ಕೋಹಾಲ್ ಮಾಡುತ್ತ ಕೂರುವುದಿಲ್ಲ, ಬೆಳೆಯಲೂ ಬೇಕು. ಬೆಳೆಯಲು ಅಮೈನೋ ಆಮ್ಲ, ಕೊಬ್ಬು, ಇನ್ನೂ ಏನೇನೋ ಮಾಡಬೇಕು. ಆ ಕೆಲಸಗಳಲ್ಲಿ ಹೆಚ್ಚುವರಿ ಎನ್‌ಎಡಿಎಚ್ ಹುಟ್ಟುತ್ತದೆ. ಗಾಳಿ ಇದ್ದರೆ ಮೈಟೋಕಾಂಡ್ರಿಯಾ ಅದನ್ನು ಆಮ್ಲಜನಕದ ಜೊತೆ ಸೇರಿಸಿ ಮುಗಿಸಿಬಿಡುತ್ತದೆ. ಗಾಳಿ ಇಲ್ಲದಾಗ ಉಳಿದ ಮುಖ್ಯ ದಾರಿ ಒಂದೇ, ಗ್ಲಿಸರಾಲ್. ಅಲ್ಲಿ ಯೀಸ್ಟ್‌ಗೆ ಗ್ಲಿಸರಾಲ್ ಬೇಕಾಗಿಯೇ ಇಲ್ಲ. ಎನ್‌ಎಡಿಎಚ್ ಕಳೆದುಕೊಳ್ಳುವ ನೆಪಕ್ಕೆ ಅದನ್ನು ಮಾಡಿ ಹೊರಗೆ ಬಿಡುತ್ತದೆ. ವೈನ್‌ನಲ್ಲಿ ಲೀಟರಿಗೆ 5ರಿಂದ 10 ಗ್ರಾಂನಷ್ಟು ಗ್ಲಿಸರಾಲ್ ಇರುವುದು ಇದರಿಂದಲೇ. ಹುದುಗಿದ ರಸದಲ್ಲಿ ಗ್ಲಿಸರಾಲ್ ಇದೆ ಎಂದು ಲೂಯಿ ಪಾಶ್ಚರ್ 1858ರಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಈ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಮೊದಲ ಮಹಾಯುದ್ಧದ ಒಂದು ಸಂಗತಿ ಹೇಳುತ್ತೇನೆ. ಜರ್ಮನಿಗೆ ಸ್ಫೋಟಕ ಮಾಡಲು ಗ್ಲಿಸರಾಲ್ ಬೇಕಿತ್ತು. ಅದು ಬರುತ್ತಿದ್ದದ್ದು ಕೊಬ್ಬು ಎಣ್ಣೆಗಳಿಂದ. ಯುದ್ಧದ ದಿಗ್ಬಂಧನದಿಂದ ಅವುಗಳಿಗೆ ಅಭಾವ. ಆಗ ಅವರು ಯೀಸ್ಟ್ ಹುದುಗುವ ತೊಟ್ಟಿಗೆ ಸಲ್ಫೈಟ್ ಸೇರಿಸಿದರು. ಸಲ್ಫೈಟ್ ಹೋಗಿ, ಆಲ್ಕೋಹಾಲ್ ಆಗುವ ಮುಂಚಿನ ಅಣುವಾದ ಅಸಿಟಾಲ್ಡಿಹೈಡ್‌ಗೆ ಅಂಟಿಕೊಳ್ಳುತ್ತದೆ. ಅಸಿಟಾಲ್ಡಿಹೈಡ್ ಸಿಗದಿದ್ದರೆ ಆಲ್ಕೋಹಾಲ್ ಆಗುವುದಿಲ್ಲ, ಎನ್‌ಎಡಿಎಚ್ ಖರ್ಚಾಗುವುದೂ ಇಲ್ಲ. ಯೀಸ್ಟ್ ಬೇರೆ ದಾರಿ ಇಲ್ಲದೆ ಗ್ಲಿಸರಾಲ್ ಕಡೆ ತಿರುಗಿತು. ಹೀಗೆ ತಿಂಗಳಿಗೆ ಸುಮಾರು ಸಾವಿರ ಟನ್ ಗ್ಲಿಸರಾಲ್ ತೆಗೆದರು. ಉದ್ದೇಶ ನೋವಿನದು. ಆದರೆ ಕೋಶದ ಒಳಗಿನ ಜಮಾ-ಖರ್ಚನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಿಮ್ಮ ಎರಡು ಜೀನ್‌ಗಳಿಗೆ ಬರೋಣ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಲೆನಾರ್ಟ್ ಆಡ್ಲರ್ ಅವರ ತಂಡ ಮತ್ತು ಜೊತೆಗಾರರು 1997ರಲ್ಲಿ ಈ ಜೋಡಿಯನ್ನು ಬಿಡಿಸಿ ತೋರಿಸಿದರು. ಉಪ್ಪು ಹಾಕಿದಾಗ ಜಿಪಿಡಿ1 ಏಳುತ್ತದೆ, ಜಿಪಿಡಿ2 ಅಲುಗಾಡುವುದಿಲ್ಲ. ಗಾಳಿ ತೆಗೆದಾಗ ಜಿಪಿಡಿ2 ಏಳುತ್ತದೆ, ಅದಕ್ಕೆ ಹಾಗ್1ನ ಅಪ್ಪಣೆ ಬೇಕಿಲ್ಲ. ಜಿಪಿಡಿ1 ಇಲ್ಲದ ಯೀಸ್ಟ್ ಉಪ್ಪಿನಲ್ಲಿ ಸೊರಗುತ್ತದೆ. ಜಿಪಿಡಿ2 ಇಲ್ಲದ್ದು ಗಾಳಿ ಇಲ್ಲದ ಕಡೆ ಸೊರಗುತ್ತದೆ. ಎರಡನ್ನೂ ತೆಗೆದರೆ ಅಳೆಯುವಷ್ಟು ಗ್ಲಿಸರಾಲ್ ಸಹ ಆಗುವುದಿಲ್ಲ. ಅಂಥ ಯೀಸ್ಟ್ ಉಪ್ಪನ್ನು ಒಂಚೂರೂ ತಾಳುವುದಿಲ್ಲ, ಗಾಳಿ ಇಲ್ಲದೆ ಬೆಳೆಯುವುದೇ ಇಲ್ಲ. ಹೀಗೆ ಬೆಳವಣಿಗೆ ನಿಂತ ಕೋಶಗಳ ಒಳಗೆ ನೋಡಿದರೆ ಎನ್‌ಎಡಿಎಚ್ ರಾಶಿ ಬಿದ್ದಿತ್ತು. ಹೊರಗಿನಿಂದ ಅಸಿಟಾಲ್ಡಿಹೈಡ್ ಕೊಟ್ಟರು. ಎನ್‌ಎಡಿಎಚ್ ಅದರ ಮೇಲೆ ಖರ್ಚಾಯಿತು, ಯೀಸ್ಟ್ ಮತ್ತೆ ಬೆಳೆಯಿತು. ಸಲ್ಫೈಟ್ ತೊಟ್ಟಿಯಲ್ಲಿ ನಡೆದದ್ದರ ತಿರುವುಮುರುವು ಇದು.

ಗಮನಿಸಿ, ಎರಡೂ ಕಿಣ್ವಗಳ ಕೈಕೆಲಸ ಒಂದೇ. ಬೇರೆ ಇರುವುದು ಕರೆ. ಒಂದು ಉಪ್ಪಿನ ಕರೆಗೆ ಓಗೊಡುತ್ತದೆ, ಇನ್ನೊಂದು ಉಸಿರುಗಟ್ಟಿದ ಕರೆಗೆ. ಪುಸ್ತಕದಲ್ಲಿ 'ಒಂದೇ ಕ್ರಿಯೆ ನಡೆಸುವ ಎರಡು ಕಿಣ್ವಗಳು' ಎಂದು ಓದಿದಾಗ ನಾವು ಕ್ರಿಯೆಯನ್ನು ಮಾತ್ರ ನೋಡುತ್ತೇವೆ. ಅದನ್ನು ಯಾವಾಗ ಶುರು ಮಾಡಬೇಕು, ಎಷ್ಟು ಮಾಡಬೇಕು ಎಂಬುದೂ ಜೀನ್‌ನಲ್ಲೇ ಬರೆದಿರುತ್ತದೆ. ಆ ಭಾಗದ ಮೇಲೆ ಕಣ್ಣು ಹೋಗುವುದು ಕಡಿಮೆ.

ಇನ್ನು ಸ್ಪೇರ್ ವಿಚಾರ. ನಾವು ಕಾರಿನಲ್ಲಿ ಸ್ಪೇರ್ ಟೈರ್ ಇಡುತ್ತೇವೆ, ಮುಂದೆ ಪಂಕ್ಚರ್ ಆಗಬಹುದು ಅಂತ ನಮಗೆ ಗೊತ್ತು. ವಿಕಾಸಕ್ಕೆ ಮುಂದಿನದು ಗೊತ್ತಿಲ್ಲ. ಜೀನ್‌ಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ತಪ್ಪುಗಳು ಸೇರುತ್ತಲೇ ಇರುತ್ತವೆ. ಉಪಯೋಗದಲ್ಲಿರುವ ಜೀನ್ ಕೆಟ್ಟರೆ ಆ ಕೋಶ ಹಿಂದೆ ಬೀಳುತ್ತದೆ, ತಪ್ಪು ಅಲ್ಲೇ ಅಳಿಯುತ್ತದೆ. ಸುಮ್ನೆ ಕೂತ ಜೀನ್ ಕೆಟ್ಟರೆ ಕೇಳುವವರೇ ಇಲ್ಲ. ಆದ್ದರಿಂದ ನಿಜವಾದ ಸ್ಪೇರ್ ಬಹುಕಾಲ ಉಳಿಯುವುದಿಲ್ಲ, ತುಕ್ಕು ಹಿಡಿದು ಹೋಗುತ್ತದೆ. ಕೋಟ್ಯಂತರ ವರ್ಷ ಎರಡೂ ಜೀನ್ ಚೆನ್ನಾಗಿ ಉಳಿದಿವೆ ಎಂದರೆ ಎರಡಕ್ಕೂ ದುಡಿಮೆ ಇದೆ ಎಂದೇ ಅರ್ಥ.

ಇದು ಬರೀ ತರ್ಕವಲ್ಲ, ಯೀಸ್ಟ್‌ನ ಚರಿತ್ರೆಯೇ ಹೀಗೆ ಹೇಳುತ್ತದೆ. 1996ರಲ್ಲಿ ಬೇಕರಿ ಯೀಸ್ಟ್‌ನ ಇಡೀ ಜೀನೋಮ್ ಓದಿ ಮುಗಿಸಿದರು. 16 ಕ್ರೋಮೋಸೋಮ್, ಸುಮಾರು 6,000 ಜೀನ್. ಮರುವರ್ಷ ಡಬ್ಲಿನ್‌ನ ಕೆನ್ ವುಲ್ಫ್ ಮತ್ತು ಡೆನಿಸ್ ಶೀಲ್ಡ್ಸ್ ಅದರಲ್ಲಿ ಒಂದು ಹಳೆಯ ಗುರುತು ಕಂಡರು. ಸುಮಾರು 10 ಕೋಟಿ ವರ್ಷಗಳ ಹಿಂದೆ ಈ ಯೀಸ್ಟ್‌ನ ಪೂರ್ವಜನ ಜೀನೋಮ್ ಪೂರ್ತಿಯಾಗಿ ಇಮ್ಮಡಿಯಾಗಿತ್ತು. ಎರಡು ಬೇರೆ ಜಾತಿಯ ಯೀಸ್ಟ್‌ಗಳು ಬೆರೆತದ್ದರಿಂದ ಹಾಗಾಯಿತು ಎಂದು 2015ರ ಒಂದು ಅಧ್ಯಯನ ವಾದಿಸಿದೆ. ಹೇಗೇ ಆಗಿರಲಿ, ಸಾವಿರಾರು ಜೋಡಿ ಜೀನ್‌ಗಳು ಹುಟ್ಟಿದವು. ಅವುಗಳಲ್ಲಿ ಇಂದು ಜೋಡಿಯಾಗಿ ಉಳಿದಿರುವುದು 550ರ ಆಸುಪಾಸು. ಉಳಿದವುಗಳಲ್ಲಿ ಒಂದೊಂದು ಕಳೆದುಹೋಯಿತು. ಅಂದರೆ ಸ್ಪೇರ್‌ಗಳೆಲ್ಲ ಹೋದವು. ಜಿಪಿಡಿ1 ಮತ್ತು ಜಿಪಿಡಿ2 ಆ ಜರಡಿಯಲ್ಲಿ ಉಳಿದ ಅಕ್ಕ-ತಂಗಿಯರು.

ಹಾಗಂತ ಅಕ್ಕ ಬಿದ್ದಾಗ ತಂಗಿ ಕೈ ಹಿಡಿಯುವುದೇ ಇಲ್ಲ ಎಂದಲ್ಲ. ಹಿಡಿಯುತ್ತಾಳೆ, ಕೆಲವು ಮನೆಗಳಲ್ಲಿ ಅಚ್ಚರಿಯಾಗುವಷ್ಟು. ಪೈರುವೇಟ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವಕ್ಕೆ ಪಿಡಿಸಿ1, ಪಿಡಿಸಿ5, ಪಿಡಿಸಿ6 ಎಂಬ ಮೂರು ಜೀನ್‌ಗಳಿವೆ. ಹುದುಗುವಾಗ ಬರುವ ಗಾಳಿಗುಳ್ಳೆ ಈ ಕಿಣ್ವದ ಕೆಲಸ. ಬ್ರೆಡ್ ಉಬ್ಬುವುದು ಅದರಿಂದಲೇ. ಮಾಮೂಲಿಯಾಗಿ ಹೆಚ್ಚಿನ ದುಡಿಮೆ ಪಿಡಿಸಿ1ನದು, ಪಿಡಿಸಿ5 ತೆಪ್ಪಗಿರುತ್ತದೆ. ಪಿಡಿಸಿ1 ತೆಗೆದ ಕೂಡಲೇ ಪಿಡಿಸಿ5 ಜೋರಾಗಿ ಕೆಲಸಕ್ಕೆ ಇಳಿಯುತ್ತದೆ. ಎರಡನ್ನೂ ತೆಗೆದರೆ ಮಾತ್ರ ಹುದುಗುವುದು ನಿಲ್ಲುತ್ತದೆ. ಪಿಡಿಸಿ6 ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸಕ್ಕರೆ ಒಡೆಯುವ ದಾರಿಯಲ್ಲೇ ಇರುವ ಟಿಡಿಎಚ್ ಎಂಬ ಕಿಣ್ವದ ಮನೆಯಲ್ಲಿ ಹಂಚಿಕೆ ಬೇರೆ ಥರ. ಒಟ್ಟು ಕೆಲಸದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಟಿಡಿಎಚ್3ರದು, ಕಾಲುಭಾಗದಷ್ಟು ಟಿಡಿಎಚ್2ರದು, ಉಳಿದದ್ದು ಟಿಡಿಎಚ್1ರದು. ಯಾವ ಒಂದನ್ನು ತೆಗೆದರೂ ಯೀಸ್ಟ್ ಬದುಕುತ್ತದೆ. 2 ಮತ್ತು 3 ಎರಡನ್ನೂ ತೆಗೆದರೆ ಸಾಯುತ್ತದೆ. ಟಿಡಿಎಚ್1 ಒಂಟಿಯಾಗಿ ಸಂಸಾರ ತೂಗಿಸಲಾರದು.

ಆದರೆ ಪಾಠ ಮಾಡುವಾಗ ನಾನು ಮರೆಯದೆ ಹೇಳುವ ಜೋಡಿ ಎಚ್‌ಎಂಜಿ1 ಮತ್ತು ಎಚ್‌ಎಂಜಿ2. ಇದು ನಮ್ಮ ಮೈಯಲ್ಲಿ ಕೊಲೆಸ್ಟೆರಾಲ್ ಮಾಡುವ ದಾರಿಯ ಕಿಣ್ವವೇ. ಕೊಲೆಸ್ಟೆರಾಲ್ ಇಳಿಸಲು ಮನೆಯ ಹಿರಿಯರು ನುಂಗುವ ಸ್ಟ್ಯಾಟಿನ್ ಮಾತ್ರೆ ತಡೆಯುವುದು ಇದನ್ನೇ. ಯೀಸ್ಟ್ ಇದೇ ದಾರಿಯಲ್ಲಿ ಕೊಲೆಸ್ಟೆರಾಲ್‌ನಂಥದೇ ಆದ ಎರ್ಗೊಸ್ಟೆರಾಲ್ ಮಾಡುತ್ತದೆ. ಬರ್ಕ್ಲಿಯ ಜಾಸ್ಪರ್ ರೈನ್ ಅವರ ತಂಡ 1986ರಲ್ಲಿ ತೋರಿಸಿದ್ದು ಇದು: ಒಂದನ್ನು ತೆಗೆದರೆ ಯೀಸ್ಟ್ ಬದುಕುತ್ತದೆ, ಎರಡನ್ನೂ ತೆಗೆದರೆ ಸಾವು. ಎರಡು ವರ್ಷದ ನಂತರ ಅದೇ ತಂಡ ಎರಡೂ ಇಲ್ಲದ ಯೀಸ್ಟ್‌ಗೆ ಮನುಷ್ಯರ ಜೀನ್ ಕೊಟ್ಟಿತು. ಅದು ಬದುಕಿತು. ಇಲ್ಲೂ ಕರೆ ಬೇರೆ ಬೇರೆ. ಆಮ್ಲಜನಕ ಚೆನ್ನಾಗಿದ್ದಾಗ ಎಚ್‌ಎಂಜಿ1 ಹೆಚ್ಚು ದುಡಿಯುತ್ತದೆ, ಆಮ್ಲಜನಕ ಕಡಿಮೆಯಾದಾಗ ಎಚ್‌ಎಂಜಿ2ಕ್ಕೆ ಬಲ ಬರುತ್ತದೆ.

ಒಂದೊಂದೇ ಹೋದರೆ ಬದುಕು, ಎರಡೂ ಹೋದರೆ ಸಾವು. ಇದಕ್ಕೆ ನಮ್ಮ ಕ್ಷೇತ್ರದಲ್ಲಿ 'ಸಿಂಥೆಟಿಕ್ ಲೀಥಾಲಿಟಿ' ಎನ್ನುತ್ತಾರೆ. ಕೂಡಿದಾಗ ಮಾತ್ರ ಬರುವ ಸಾವು. ಈ ವಿಚಾರ ಕ್ಯಾನ್ಸರ್ ಚಿಕಿತ್ಸೆಯ ಕಡೆಗೂ ಹೋಗಿದೆ. ಮಿದುಳಿನ ಗ್ಲಿಯೊಬ್ಲಾಸ್ಟೋಮ ಎಂಬ ಗಡ್ಡೆಗಳಲ್ಲಿ ಕೆಲವಕ್ಕೆ ಇಎನ್‌ಒ1 ಎಂಬ ಕಿಣ್ವದ ಜೀನ್ ಕಳೆದುಹೋಗಿರುತ್ತದೆ. ಅಂಥ ಕೋಶಗಳು ತಂಗಿ ಜೀನ್ ಇಎನ್‌ಒ2ರ ಆಸರೆಯಲ್ಲೇ ಇರುತ್ತವೆ. ಆ ಆಸರೆ ತಪ್ಪಿಸಿದರೆ ಗಡ್ಡೆಯ ಕೋಶ ಸಾಯುತ್ತದೆ, ಎರಡೂ ಇರುವ ಆರೋಗ್ಯವಂತ ಕೋಶ ತಡೆದುಕೊಳ್ಳುತ್ತದೆ ಎಂದು 2012ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಯೀಸ್ಟ್ ಪ್ಲೇಟ್‌ನಲ್ಲಿ ಕಲಿತ ಪಾಠ ಎಲ್ಲಿಗೆ ಹೋಯಿತು ನೋಡಿ!

ಇನ್ನು ಕೆಲವು ಜೋಡಿಗಳು ಒಂದೇ ಕ್ರಿಯೆಯನ್ನು ಎದುರುಬದುರು ದಿಕ್ಕಿನಲ್ಲಿ ನಡೆಸುವಷ್ಟು ದೂರ ಸರಿದಿವೆ. ಎಡಿಎಚ್1 ಆಲ್ಕೋಹಾಲ್ ಮಾಡುತ್ತದೆ. ಎಡಿಎಚ್2 ಸಕ್ಕರೆ ಮುಗಿದ ಮೇಲೆ ಎದ್ದು ಅದೇ ಆಲ್ಕೋಹಾಲನ್ನು ಆಹಾರವಾಗಿ ಬಳಸಲು ನೆರವಾಗುತ್ತದೆ. 2005ರಲ್ಲಿ ಸ್ಟೀವನ್ ಬೆನ್ನರ್ ಅವರ ತಂಡ ಇವೆರಡರ ಪೂರ್ವಜ ಕಿಣ್ವ ಹೇಗಿದ್ದಿರಬೇಕು ಎಂದು ಲೆಕ್ಕ ಹಾಕಿ, ಅದನ್ನು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ಪರೀಕ್ಷಿಸಿತು. ಅದು ಎಡಿಎಚ್1ನ ಹಾಗೇ ಇತ್ತು. ಅಂದರೆ ಮೊದಲು ಬಂದದ್ದು ಆಲ್ಕೋಹಾಲ್ ಮಾಡುವ ಕೆಲಸ, ಅದನ್ನು ಕೂಡಿಟ್ಟು ಆಮೇಲೆ ತಿನ್ನುವ ಜಾಣತನ ನಂತರ ಬಂತು.

ನಿಮ್ಮ ಕೊನೆಯ ಪ್ರಶ್ನೆ, ಫಲಿತಾಂಶದ ಬೆಲೆ. 2002ರ ಹೊತ್ತಿಗೆ ಯೀಸ್ಟ್‌ನ ಬಹುಪಾಲು ಎಲ್ಲ ಜೀನ್‌ಗಳನ್ನೂ ಒಂದೊಂದಾಗಿ ತೆಗೆದ ತಳಿಗಳ ಸಂಗ್ರಹ ಸಿದ್ಧವಾಯಿತು. ಮಾಮೂಲಿ ಮೀಡಿಯಾದಲ್ಲಿ ತೆಗೆದರೆ ಸಾಯುವಂಥ ಜೀನ್‌ಗಳು ಸುಮಾರು 1,100 ಮಾತ್ರ. ಉಳಿದ ಐದರಲ್ಲಿ ನಾಲ್ಕು ಪಾಲು ನಿಮ್ಮ ಜಿಪಿಡಿ1ನ ಹಾಗೆ. ಬೇಡದ ಜೀನ್‌ಗಳೇ ಇಷ್ಟೊಂದಾ ಅನ್ನಿಸುತ್ತದೆ ಅಲ್ವಾ? 2008ರಲ್ಲಿ ಇನ್ನೊಂದು ತಂಡ ಅದೇ ಸಂಗ್ರಹವನ್ನು ಸಾವಿರಕ್ಕೂ ಹೆಚ್ಚು ಬಗೆಯ ರಾಸಾಯನಿಕ ಮತ್ತು ಪರಿಸರದ ಕಷ್ಟಗಳಲ್ಲಿ ಬೆಳೆಸಿ ನೋಡಿತು. ಆಗ ಶೇಕಡಾ 97ರಷ್ಟು ಜೀನ್‌ಗಳಿಗೆ, ಅವಿಲ್ಲದಿದ್ದರೆ ಯೀಸ್ಟ್ ಹಿಂದೆ ಬೀಳುವಂಥ ಒಂದಾದರೂ ಪರಿಸ್ಥಿತಿ ಸಿಕ್ಕಿತು. ನಿಮ್ಮ ಪ್ಲೇಟ್ ಆ ಸಾವಿರದಲ್ಲಿ ಒಂದು ಅಷ್ಟೇ. ಜಿಪಿಡಿ1 ಅಲ್ಲಿ ಅನಿವಾರ್ಯವಲ್ಲ ಎಂದು ನೀವು ಸರಿಯಾಗಿಯೇ ತೋರಿಸಿದ್ದೀರಿ. ಈಗ ಬೇಕಿರುವುದು ಇನ್ನೊಂದು ಪ್ಲೇಟ್.

ಮುಂದೆ ಏನು ಮಾಡಬಹುದು ಹೇಳುತ್ತೇನೆ. ಅದೇ ಮೀಡಿಯಾಗೆ 0.5, 0.8 ಮತ್ತು 1 ಮೋಲಾರ್ ಉಪ್ಪು ಹಾಕಿದ ಪ್ಲೇಟ್‌ಗಳನ್ನು ಮಾಡಿಕೊಳ್ಳಿ. ಒಂದು ಮೋಲಾರ್ ಅಂದರೆ ಲೀಟರಿಗೆ ಸುಮಾರು 58 ಗ್ರಾಂ. ಕೋಶಗಳನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತ ಸಾಲಾಗಿ ಚುಕ್ಕೆ ಇಡಿ. ದಪ್ಪಗೆ ಗೀರು ಎಳೆದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಜೊತೆಗೆ 1.5 ಮೋಲಾರ್ ಸಾರ್ಬಿಟಾಲ್ (ಸೋಡಿಯಂ ಇಲ್ಲದೆಯೇ ನೀರು ಸೆಳೆಯುವ, ಸಕ್ಕರೆಯಂಥ ವಸ್ತು) ಹಾಕಿದ ಪ್ಲೇಟ್ ಖಂಡಿತ ಇರಲಿ. ಸೋಡಿಯಂ ತಾನೇ ಒಂದು ವಿಷ. ತೊಂದರೆ ನೀರು ಕಳೆದುಕೊಂಡದ್ದರಿಂದ ಬಂತೋ, ಸೋಡಿಯಂನಿಂದ ಬಂತೋ ಎಂದು ಸಾರ್ಬಿಟಾಲ್ ಇಲ್ಲದೆ ಹೇಳಲಾಗದು.

ಗಾಳಿ ಇಲ್ಲದ ಪ್ರಯೋಗ ಮಾಡುವುದಾದರೆ ಮೀಡಿಯಾಗೆ ಎರ್ಗೊಸ್ಟೆರಾಲ್ ಮತ್ತು ಟ್ವೀನ್ 80 ಸೇರಿಸಲು ಮರೆಯಬೇಡಿ. ಇವೆರಡರಿಂದ ಸಿಗುವ ಸ್ಟೆರಾಲ್ ಮತ್ತು ಕೊಬ್ಬಿನ ಆಮ್ಲವನ್ನು ಆಮ್ಲಜನಕ ಇಲ್ಲದೆ ಯೀಸ್ಟ್ ತಾನೇ ಮಾಡಿಕೊಳ್ಳಲಾರದು. ಸೇರಿಸದಿದ್ದರೆ ಮೂಲ ತಳಿಯೂ ಬೆಳೆಯುವುದಿಲ್ಲ, ತಿಂಗಳ ಶ್ರಮ ನೀರುಪಾಲು. ಎಷ್ಟೋ ವಿದ್ಯಾರ್ಥಿಗಳು ಹೀಗೆ ಕಂಗೆಟ್ಟದ್ದನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಎಚ್ಚರ. ಸಂಗ್ರಹದಿಂದ ತಂದ ತಳಿಯನ್ನು ಕಣ್ಣುಮುಚ್ಚಿ ನಂಬಬೇಡಿ. 2000ದಲ್ಲಿ ಪರೀಕ್ಷಿಸಿದ ಸುಮಾರು 300 ತಳಿಗಳಲ್ಲಿ ನೂರಕ್ಕೆ ಎಂಟರಷ್ಟಕ್ಕೆ ಕ್ರೋಮೋಸೋಮ್ ಅಥವಾ ಅದರ ತುಂಡು ಹೆಚ್ಚುಕಡಿಮೆ ಆಗಿತ್ತು. ಹಲವು ತಳಿಗಳಲ್ಲಿ ಹೆಚ್ಚುವರಿಯಾಗಿ ಬಂದ ಕ್ರೋಮೋಸೋಮ್‌ನಲ್ಲೇ, ತೆಗೆದ ಜೀನ್‌ನ ಅಕ್ಕನೋ ತಂಗಿಯೋ ಇದ್ದಳು! ಯೀಸ್ಟ್ ತನಗೆ ಆದ ಗಾಯವನ್ನು ಹೀಗೂ ತುಂಬಿಕೊಳ್ಳುತ್ತದೆ. ಜಿಪಿಡಿ2 ಇರುವುದು 15ನೇ ಕ್ರೋಮೋಸೋಮ್‌ನಲ್ಲಿ. ಅದರ ಪ್ರತಿ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಜಿಪಿಡಿ1 ಇರುವುದು 4ನೆಯದರಲ್ಲಿ. ಎರಡು ಬೇರೆ ಕ್ರೋಮೋಸೋಮ್ ಆದ್ದರಿಂದ, ಒಂದೊಂದು ಜೀನ್ ಇಲ್ಲದ ತಳಿಗಳನ್ನು ಕೂಡಿಸಿದರೆ ಕಾಲುಭಾಗ ಸ್ಪೋರ್‌ಗಳಲ್ಲಿ ಎರಡೂ ಇಲ್ಲದವು ಸಿಗುತ್ತವೆ. ಗಾಳಿಯಲ್ಲಿ, ಉಪ್ಪಿಲ್ಲದ ಪ್ಲೇಟ್‌ನಲ್ಲಿ ಅವು ಬದುಕುತ್ತವೆ, ಹೆದರಬೇಡಿ.

ಸಮಯ ಇದ್ದರೆ ಮೂಲ ತಳಿಯನ್ನೂ ನಿಮ್ಮ ತಳಿಯನ್ನೂ ಒಂದೇ ಫ್ಲಾಸ್ಕ್‌ನಲ್ಲಿ ಸಮ ಸಮ ಬೆರೆಸಿ ಪೈಪೋಟಿಗೆ ಬಿಡಿ. ಒಂದು ತಲೆಮಾರಿಗೆ ನೂರಕ್ಕೆ ಒಂದರಷ್ಟು ಹಿಂದೆ ಬಿದ್ದರೆ ಪ್ಲೇಟ್ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ನೂರು ತಲೆಮಾರು ಕಳೆಯುವಷ್ಟರಲ್ಲಿ ಅರ್ಧದಷ್ಟಿದ್ದದ್ದು ಕಾಲುಭಾಗದ ಹತ್ತಿರಕ್ಕೆ ಇಳಿದಿರುತ್ತದೆ.

ಉಪ್ಪಿನ ಪ್ಲೇಟ್‌ಗಳನ್ನು ಮೂರು ನಾಲ್ಕು ದಿನ ಇಟ್ಟು ಫೋಟೋ ತೆಗೆಯಿರಿ. ಮೂಲ ತಳಿಯ ಸಾಲು ನಿಧಾನವಾಗಿಯಾದರೂ ಬೆಳೆದು, ಜಿಪಿಡಿ1 ಇಲ್ಲದ ಸಾಲು ಮೊದಲ ಒಂದೆರಡು ಚುಕ್ಕೆಗೇ ನಿಂತರೆ, ಆ ಫೋಟೋವನ್ನು ನಿಮ್ಮ ಮೊದಲ ಪ್ಲೇಟ್‌ನ ಫೋಟೋ ಪಕ್ಕದಲ್ಲೇ ವರದಿಗೆ ಅಂಟಿಸಿ. ಮೊದಲನೆಯದನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.